ಹಳೆಯ ಫೋರ್ ವೀಲ್ ಪಿಕ್‌ಅಪ್ ಕೊಳ್ಳುವ ಮುನ್ನ

(ಮಿಲ್ ಕಾರ್ಮಿಕರು ಹಾಗೂ ಸಂತೆ ವ್ಯಾಪಾರಿಗಳ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಮುಂದೆ ಇಂದು ಇರುವ ಪ್ರಶ್ನೆ ಹೊರಗಿನವರಿಗೆ ಸಣ್ಣದಾಗಿ ಕಾಣಬಹುದು. ನಮಗೆ ಅದು ಸಣ್ಣದಲ್ಲ. ಮಿಲ್ಲಿನಲ್ಲಿ ದುಡಿಯುವ ಕೆಲವರು ತಮ್ಮ ಬೋನಸಿನ ಹಣವನ್ನೂ, ಸಂತೆಯಲ್ಲಿ ಅಂಗಡಿ ಹಾಕುವ ಕೆಲವರು ಚೀಟಿ ಎತ್ತಿದ ಹಣವನ್ನೂ ಒಟ್ಟುಗೂಡಿಸಿ, ನಾಲ್ಕೂ ಚಕ್ರ ಎಳೆಯತಕ್ಕ ಒಂದು ಹಳೆಯ ಪಿಕ್‌ಅಪ್ ಗಾಡಿಯನ್ನು ಕೊಳ್ಳಬೇಕೆಂದು ಹೊರಟಿದ್ದಾರೆ. ಕಾರಣ ಎಲ್ಲರಿಗೂ ಗೊತ್ತು. ಘಟ್ಟದ ಅಂಚಿನ ಹಳ್ಳಿಗಳಿಗೆ ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಬಾಡಿಗೆ ಗಾಡಿ ಸುಲಭವಾಗಿ ಬರುವುದಿಲ್ಲ. ಬಂದರೆ ಗಾಡಿಯವನು ಕೇಳಿದ್ದೇ ಬಾಡಿಗೆ. ಅಕ್ಕಿ ಮೂಟೆ, ಉಪ್ಪು, ಬಟ್ಟೆಗಂಟುಗಳ ಮೇಲೆ ಸಿಕ್ಕುವ ನಾಲ್ಕು ಕಾಸು ಲಾಭ ಆ ಬಾಡಿಗೆಗೇ ಹೋಗುತ್ತದೆ. ಸ್ವಂತ ಗಾಡಿಯೊಂದಿದ್ದರೆ ಎಂಬ ಆಸೆ ತಪ್ಪಲ್ಲ.

ಆದರೆ ಮಿತ್ರರೆ, ಹೊಸ ಗಾಡಿಗೆ ನಮ್ಮಲ್ಲಿ ಹಣವಿಲ್ಲ. ಹಳೆಯದನ್ನೇ ಕೊಳ್ಳಬೇಕು. ಹಳೆಯದೆಂದರೆ ತುಕ್ಕು ಹಿಡಿದದ್ದು. ತುಕ್ಕು ಹಿಡಿದ ಗಾಡಿಯನ್ನು ತಿಳಿದು ಕೊಂಡರೆ ಅದು ಹತ್ತು ಮನೆಗೆ ಅನ್ನ ಕೊಡುತ್ತದೆ. ತಿಳಿಯದೆ ಕೊಂಡರೆ ಹತ್ತು ಮನೆಯ ಉಳಿತಾಯವನ್ನೂ ನುಂಗಿ, ಕೊನೆಗೆ ಒಂದು ಜೀವವನ್ನೂ ನುಂಗಬಹುದು. ಆದುದರಿಂದ ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ಬೇಡುತ್ತೇನೆ.

ಈ ಗಾಡಿ ಎಲ್ಲಿಂದ ಬಂತು?

ನಾಲ್ಕೂ ಚಕ್ರ ಎಳೆಯುವ ಸಣ್ಣ ಗಾಡಿ ನಮ್ಮ ದೇಶಕ್ಕೆ ಬಂದದ್ದು ಯುದ್ಧದ ಬೆನ್ನೇರಿ. ಅಮೆರಿಕದ ಸೈನ್ಯಕ್ಕಾಗಿ ೧೯೪೦ರಲ್ಲಿ ಬ್ಯಾಂಟಮ್ ಎಂಬ ಸಣ್ಣ ಕಂಪನಿ ಮೊದಲ ಮಾದರಿಯನ್ನು ಕಟ್ಟಿಕೊಟ್ಟಿತು. ದೊಡ್ಡ ಆರ್ಡರುಗಳು ಮಾತ್ರ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾದವು. ಯುದ್ಧ ಮುಗಿಯುವುದರೊಳಗೆ ೬ ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾದವು. ಸೈನ್ಯ ಬಿಟ್ಟುಹೋದ ಜೀಪುಗಳು ಹರಾಜಿನಲ್ಲಿ ತೋಟದವರ ಕೈಗೂ ಸಾಗಾಟದವರ ಕೈಗೂ ಬಂದವು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪಿನ ಭಾಗಗಳನ್ನು ತರಿಸಿ ಜೋಡಿಸತೊಡಗಿತು. ಮುಂದೆ ಇಲ್ಲಿಯೇ ತಯಾರಿಸಿತು. ಸೈನ್ಯಕ್ಕಾಗಿ ಜಬ್ಬಲಪುರದ ಕಾರ್ಖಾನೆಯಲ್ಲಿ ಜಪಾನಿನ ನಿಸ್ಸಾನ್ ಮಾದರಿಯ ಜೋಂಗಾ ಗಾಡಿ ತಯಾರಾಗುತ್ತಿತ್ತು. ೧೯೯೦ರ ದಶಕದ ಕೊನೆಗೆ ಅದೂ ನಿಂತಿತು. ಬೊಲೆರೋ ಬಂದದ್ದು ೨೦೦೦ದಲ್ಲಿ. ಅದೇ ಹೆಸರಿನ ಪಿಕ್‌ಅಪ್‌ಗಳಲ್ಲಿ ಕೆಲವು ಫೋರ್ ವೀಲಿನವೂ ಉಂಟು.

ಇಂದಿಗೂ ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿಗೆ ಹತ್ತುವ ಜೀಪುಗಳನ್ನು ನೋಡಿ. ಕಲ್ಲು, ಕೊರಕಲು, ಕೆಂಪು ಕೆಸರು. ಬೇರೆ ಗಾಡಿ ಅರ್ಧ ದಾರಿಯಲ್ಲಿ ಕೂರುತ್ತದೆ. ಈ ಗಾಡಿಗೆ ವಯಸ್ಸಾದರೂ ಬೆಲೆ ಉಳಿದಿರುವುದು ಇದೇ ಕಾರಣಕ್ಕೆ. ಮಾರುವವನು ಆಡುವ ಆಟವೂ ಇದೇ ಕಾರಣಕ್ಕೆ.

ಎತ್ತು ಕೊಳ್ಳುವಾಗಿನ ಬುದ್ಧಿ

ನಮ್ಮವರು ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಕೊಂಬಿಗೆ ಹಚ್ಚಿದ ಬಣ್ಣಕ್ಕೆ ಮರುಳಾಗುತ್ತಾರೆಯೆ? ಇಲ್ಲ. ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಗಾಡಿ ಕೊಳ್ಳುವಾಗ ಮಾತ್ರ ಅದೇ ಜನ ಬಾನೆಟ್ಟಿನ ಹೊಳಪನ್ನು ನೋಡಿ ಮುಂಗಡ ಕೊಟ್ಟು ಬರುತ್ತಾರೆ! ಹೊರಗೆ ಬಸಪ್ಪ, ಒಳಗೆ ವಿಷಪ್ಪ ಎಂಬ ಮಾತು ಹಳೆಯ ಗಾಡಿಗೆ ಒಪ್ಪುವಷ್ಟು ಬೇರೆ ಯಾವುದಕ್ಕೂ ಒಪ್ಪುವುದಿಲ್ಲ.

ಮೊದಲು ತುಕ್ಕಿನ ಮಾತು. ಕಬ್ಬಿಣಕ್ಕೆ ನೀರೂ ಗಾಳಿಯೂ ಸೇರಿದರೆ ತುಕ್ಕು. ಉಪ್ಪು ಸೇರಿದರೆ ಅದರ ವೇಗ ಬಹಳ ಹೆಚ್ಚುತ್ತದೆ. ಆದುದರಿಂದ ಕರಾವಳಿಯಲ್ಲಿ ಮೀನು ಹೊತ್ತ ಗಾಡಿಯನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಎರಡು ಸಲ ಯೋಚಿಸಿ. ಮಂಜುಗಡ್ಡೆ ಕರಗಿದ ಉಪ್ಪುನೀರು ವರ್ಷಗಟ್ಟಲೆ ಚಾಸಿಸ್ಸಿನ ಮೇಲೆ ಸುರಿದಿರುತ್ತದೆ. ಮಲೆನಾಡಿನ ಗಾಡಿಗೆ ಉಪ್ಪಿನ ಕಾಟವಿಲ್ಲ, ಕೆಸರಿನ ಕಾಟವಿದೆ. ಚಾಸಿಸ್ಸಿನ ಮೂಲೆಗಳಲ್ಲಿ ಕೂತ ಕೆಸರು ಬೇಸಗೆಯಲ್ಲೂ ಒಳಗೊಳಗೆ ತೇವ ಹಿಡಿದಿರುತ್ತದೆ. ನೀರು ಇಳಿದುಹೋಗಲೆಂದು ಬಿಟ್ಟ ತೂತುಗಳನ್ನು ಮುಚ್ಚುತ್ತದೆ. ಒಣ ಬಯಲುಸೀಮೆಯಲ್ಲಿ ಓಡಿದ ಗಾಡಿಗೆ ಈ ಎರಡೂ ಕಾಟ ಕಡಿಮೆ.

ಬಾಡಿಯ ತುಕ್ಕು ಬೇರೆ, ಚಾಸಿಸ್ಸಿನ ತುಕ್ಕು ಬೇರೆ. ಬಾಗಿಲು, ಮಡ್‌ಗಾರ್ಡು, ಹಿಂದಿನ ಡಾಲ ಇವು ತೂತಾದರೆ ಟಿಂಕರಿಂಗಿನವನು ತಗಡು ಹಾಕಿ ಸರಿಮಾಡುತ್ತಾನೆ. ಚಾಸಿಸ್ಸು ಗಾಡಿಯ ಬೆನ್ನೆಲುಬು. ಒಂದು ಸಣ್ಣ ಸುತ್ತಿಗೆಯನ್ನೂ ಹಳೆಯ ಸ್ಕ್ರೂಡ್ರೈವರನ್ನೂ ಜೇಬಿನಲ್ಲಿಟ್ಟುಕೊಂಡು ಗಾಡಿಯ ಕೆಳಗೆ ಮಲಗಿ. ಕಮಾನು ಪಟ್ಟಿಗಳನ್ನು ಚಾಸಿಸ್ಸಿಗೆ ಕಟ್ಟಿದ ಜಾಗ, ಅಡ್ಡಪಟ್ಟಿಗಳು ಸೇರುವ ಜಾಗ, ಸ್ಟೀರಿಂಗ್ ಪೆಟ್ಟಿಗೆ ಬಿಗಿದ ಜಾಗ, ಬ್ಯಾಟರಿಯ ಕೆಳಗೆ ಆಸಿಡ್ ಸೋರುವ ಜಾಗ, ಈ ನಾಲ್ಕನ್ನು ತಟ್ಟಿ ನೋಡಿ. ಗಟ್ಟಿ ಕಬ್ಬಿಣ ಗಂಟೆಯಂತೆ ಕಣ್ ಎನ್ನುತ್ತದೆ. ಕೊಳೆತ ಕಬ್ಬಿಣ ಡಬ್ ಎನ್ನುತ್ತದೆ. ಸ್ಕ್ರೂಡ್ರೈವರು ಒಳಗೆ ಇಳಿದರೆ ಎದ್ದು ಬನ್ನಿ. ಗಾಡಿಯ ಅಡಿಗೆಲ್ಲ ಹೊಸದಾಗಿ ಡಾಂಬರಿನಂಥ ಕಪ್ಪು ಬಣ್ಣ ಬಳಿದಿದ್ದರೆ ಅದು ಒಳ್ಳೆಯ ಗುರುತೆಂದು ತಿಳಿಯಬೇಡಿ. ಏನನ್ನು ಮುಚ್ಚಲು ಬಳಿದರು ಎಂದು ಕೇಳಿ.

ಎರಡನೆಯದು ಎಂಜಿನ್. ನೀವು ಬರುವುದಕ್ಕೆ ಮುಂಚೆಯೇ ಗಾಡಿ ಸ್ಟಾರ್ಟ್ ಮಾಡಿ ಬಿಸಿ ಮಾಡಿ ಇಟ್ಟಿದ್ದಾರೆಯೇ ಎಂದು ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿ. ಬಿಸಿಯಿದ್ದರೆ ನಾಳೆ ಬೆಳಿಗ್ಗೆ ಬರುತ್ತೇವೆ ಎಂದು ಹೇಳಿ. ತಣ್ಣಗಿನ ಎಂಜಿನ್ನೇ ಸತ್ಯ ನುಡಿಯುತ್ತದೆ. ನೀಲಿ ಹೊಗೆ ಬಂದರೆ ಎಂಜಿನ್ ಎಣ್ಣೆ ಕುಡಿಯುತ್ತಿದೆ. ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚು, ಇಲ್ಲವೆ ಗಾಳಿ ಕಡಿಮೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಒಳಗೆ ನೀರು ಸೇರುತ್ತಿರಬಹುದು. ಎಣ್ಣೆ ಅಳೆಯುವ ಕಡ್ಡಿಯನ್ನು ತೆಗೆದು ನೋಡಿ. ಎಣ್ಣೆ ಹಾಲು ಬೆರೆಸಿದ ಚಹದಂತೆ ಕಂಡರೆ ನೀರು ಸೇರಿದ್ದು ಖಚಿತ. ಆದರೆ ಒಂದು ಮಾತು ನೆನಪಿರಲಿ. ಎಂಜಿನ್ ಕೆಟ್ಟಿದ್ದರೆ ಬೆಲೆ ಇಳಿಸಿ ಕೊಳ್ಳಬಹುದು, ಬಿಚ್ಚಿ ಕಟ್ಟಬಹುದು. ಚಾಸಿಸ್ಸು ಕೊಳೆತಿದ್ದರೆ ಬಿಟ್ಟಿ ಕೊಟ್ಟರೂ ಬೇಡ.

ಫೋರ್ ವೀಲ್ ನಿಜವಾಗಿಯೂ ಇದೆಯೆ?

ಮೂರನೆಯದು ಬಹಳ ಜನ ಮರೆಯುವ ವಿಷಯ. ಫೋರ್ ವೀಲ್ ಎಂದು ಹೆಚ್ಚು ಬೆಲೆ ಕೊಟ್ಟಿರುತ್ತಾರೆ. ಮನೆಗೆ ತಂದು ನೋಡಿದರೆ ಸನ್ನೆ ಇದೆ, ಮುಂದಿನ ಶಾಫ್ಟೇ ಇಲ್ಲ! ಎಣ್ಣೆ ಉಳಿಯಲೆಂದು ಹಿಂದಿನ ಯಾವನೋ ಬಿಚ್ಚಿ ಗುಜರಿಗೆ ಹಾಕಿರುತ್ತಾನೆ. ಆದುದರಿಂದ ಕೆಸರಿನ ಇಲ್ಲವೆ ಮರಳಿನ ಜಾಗಕ್ಕೆ ಒಯ್ದು, ಫೋರ್ ವೀಲ್ ಹಾಕಿಸಿ, ಲೋ ಗೇರೂ ಹಾಕಿಸಿ, ಮುಂದಿನ ಚಕ್ರ ಎಳೆಯುತ್ತದೆಯೇ ಎಂದು ಕಣ್ಣಾರೆ ನೋಡಿ.

ಇನ್ನೊಂದು ಗುಟ್ಟು ಇದೆ. ಹತ್ತು ಗಾಡಿಗಳ ಭಾಗ ಸೇರಿಸಿ ಕಟ್ಟಿದ ಜೀಪುಗಳು ಬಹಳ. ಹಿಂದಿನ ಆಕ್ಸಲ್ ಒಂದು ಮಾದರಿಯದು, ಮುಂದಿನದು ಇನ್ನೊಂದರದು. ಯುದ್ಧಕಾಲದ ಜೀಪಿನಲ್ಲಿ ಶಾಫ್ಟು ೪.೮೮ ಸುತ್ತು ಬಂದರೆ ಚಕ್ರ ಒಂದು ಸುತ್ತು, ಆಮೇಲಿನ ಸಿ.ಜೆ. ೩ ಬಿ ಮಾದರಿಯಲ್ಲಿ ೫.೩೮ ಸುತ್ತು. ಇವೆರಡನ್ನು ಒಂದೇ ಗಾಡಿಗೆ ಹಾಕಿದರೆ ಏನಾಗುತ್ತದೆ? ಎರಡು ಎತ್ತುಗಳನ್ನು ಒಂದೇ ನೊಗಕ್ಕೆ ಕಟ್ಟಿ, ಒಂದನ್ನು ಓಡಿಸಿ ಇನ್ನೊಂದನ್ನು ನಡೆಸಿದ ಹಾಗೆ. ಫೋರ್ ವೀಲ್ ಹಾಕಿದೊಡನೆ ಮುಂದಿನದೂ ಹಿಂದಿನದೂ ಜಗಳಾಡುತ್ತವೆ, ಗೇರಿನ ಹಲ್ಲು ಮುರಿಯುತ್ತದೆ.

ಇದನ್ನು ಪರೀಕ್ಷಿಸುವುದು ಕಷ್ಟವಲ್ಲ. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಕೈಬ್ರೇಕು ಬಿಟ್ಟು, ಒಂದು ಚಕ್ರವನ್ನು ಮಾತ್ರ ಎತ್ತಿ. ಅದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಶಾಫ್ಟು ಎಷ್ಟು ಸುತ್ತು ಬಂತೆಂದು ಸೀಮೆಸುಣ್ಣದ ಗುರುತು ಹಾಕಿ ಎಣಿಸಿ. ಹಿಂದೆಯೂ ಮುಂದೆಯೂ ಲೆಕ್ಕ ಒಂದೇ ಬರಬೇಕು. ನಾಲ್ಕು ಟೈರುಗಳ ಅಳತೆಯೂ ಒಂದೇ ಇರಬೇಕು.

ಹಾಗೆ ಎತ್ತುವ ಮುಂಚೆ ನೆಲದಲ್ಲಿರುವ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಹಳೆಯ ಜೀಪುಗಳಲ್ಲಿ ಕೈಬ್ರೇಕು ಚಕ್ರವನ್ನು ಹಿಡಿಯುವುದಿಲ್ಲ, ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರ ಗಾಳಿಗೆ ಎದ್ದ ಕೂಡಲೇ, ಕೈಬ್ರೇಕು ಎಳೆದಿದ್ದರೂ ಗಾಡಿ ಉರುಳಬಹುದು. ಪಂಕ್ಚರ್ ಹಾಕುವ ಹುಡುಗರಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಗಾಡಿ ಬರಿಯ ಜಾಕಿನ ಮೇಲೆ ನಿಂತಿರುವಾಗ ಯಾರೂ ಅದರ ಕೆಳಗೆ ನುಗ್ಗಕೂಡದು.

ಕಾಗದ ಪತ್ರ

ನಾಲ್ಕನೆಯದು ಕಾಗದ. ಆರ್.ಸಿ. ಪುಸ್ತಕದಲ್ಲಿರುವ ಚಾಸಿಸ್ ನಂಬರನ್ನೂ ಕಬ್ಬಿಣದ ಮೇಲೆ ಕೊರೆದ ನಂಬರನ್ನೂ ಒಂದೊಂದೇ ಅಂಕಿಯಾಗಿ ಹೋಲಿಸಿ. ಉಜ್ಜಿ ಹೊಸದಾಗಿ ಕೊರೆದಂತೆ ಕಂಡರೆ ಅದು ಕಳವಿನ ಮಾಲಾಗಿರಬಹುದು. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಹಾಕಿದ ಜೀಪುಗಳು ನಮ್ಮಲ್ಲಿ ಅಸಂಖ್ಯ. ಆ ಬದಲಾವಣೆ ಪುಸ್ತಕದಲ್ಲಿ ಏರಿದೆಯೇ ನೋಡಿ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ, ಪುಸ್ತಕದಲ್ಲಿ ಬರೆದುದಕ್ಕೆ ವಿರುದ್ಧವಾಗಿ ಮನಸ್ಸಿಗೆ ಬಂದಂತೆ ಗಾಡಿಯನ್ನು ಬದಲಿಸಲು ಬರುವುದಿಲ್ಲ.

ಇಲಾಖೆಯ ಹಳೆಯ ಗಾಡಿ ಹರಾಜಿನಲ್ಲಿ ಅಗ್ಗಕ್ಕೆ ಸಿಕ್ಕುತ್ತದೆ ಎಂದು ಕೆಲವರು ಹೇಳುತ್ತಾರೆ. ಅದು ಹಳೆಯ ಮಾತು. ೧೫ ವರ್ಷ ದಾಟಿದ ಸರಕಾರಿ ವಾಹನಗಳ ನೋಂದಣಿಯನ್ನು ೨೦೨೩ರ ಏಪ್ರಿಲ್ ೧ರಿಂದ ನವೀಕರಿಸುವುದಿಲ್ಲ. ಅವು ಗುಜರಿ ಕೇಂದ್ರಕ್ಕೆ ಹೋಗತಕ್ಕವು. ಹಾಗೆ ಬಂದ ಗಾಡಿಯನ್ನು ದಲ್ಲಾಳಿ ತೋರಿಸಿ ಹಣ ಕೇಳಿದರೆ, ರಸ್ತೆಗೆ ಇಳಿಸಲು ಬಾರದ ಕಬ್ಬಿಣಕ್ಕೆ ಹಣ ಕೊಟ್ಟಂತೆ. ಖಾಸಗಿಯವರ ಸರಕು ಗಾಡಿಗೆ ೮ ವರ್ಷ ದಾಟಿದ ಮೇಲೆ ವರ್ಷ ವರ್ಷವೂ ಎಫ್.ಸಿ. ಮಾಡಿಸಬೇಕು. ಹಳೆಯ ಗಾಡಿಗಳ ಈ ಶುಲ್ಕ ೨೦೨೨ರ ಏಪ್ರಿಲಿನಿಂದ ಅನೇಕ ಪಟ್ಟು ಏರಿತು, ಆ ಬಳಿಕವೂ ಏರಿದೆ. ಕೊಳ್ಳುವ ಮುನ್ನ ಆರ್.ಟಿ.ಓ. ಕಚೇರಿಯಲ್ಲಿ ಆ ನಂಬರಿನ ಮೇಲೆ ಬಾಕಿ ತೆರಿಗೆ ಎಷ್ಟು, ಸಾಲದ ಹೊರೆ ಇದೆಯೆ ಎಂದು ವಿಚಾರಿಸಿ.

ನಮಗೆ ಅನುಕೂಲವಾದ ಎರಡು ನಿಯಮಗಳೂ ಇವೆ. ಹೊರೆಯೂ ಸೇರಿ ಒಟ್ಟು ತೂಕ ೩೦೦೦ ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ. ಲಘು ವಾಹನದ ಲೈಸೆನ್ಸ್ ಇದ್ದವರು ೭೫೦೦ ಕಿಲೋದವರೆಗಿನ ಸಾಗಾಟದ ಗಾಡಿಯನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ೨೦೨೪ರ ನವೆಂಬರಿನಲ್ಲಿ ಹೇಳಿದೆ.

ಆದರೆ ಹಿಂದಿನ ಡಾಲದಲ್ಲಿ ಜನರನ್ನು ಕೂರಿಸಿಕೊಂಡು ಹೋಗುವ ಅಭ್ಯಾಸವನ್ನು ಇಂದೇ ಬಿಡಬೇಕು. ಸರಕಿನ ಒಡೆಯನಿಗೆ ಇಲ್ಲವೆ ಅವನ ಪ್ರತಿನಿಧಿಗೆ ವಿಮೆಯ ರಕ್ಷಣೆ ಉಂಟು. ದಾರಿಯಲ್ಲಿ ಕೈ ಅಡ್ಡ ಹಾಕಿ ಹತ್ತಿದವನಿಗೆ ಇಲ್ಲವೆಂದು ಸುಪ್ರೀಂ ಕೋರ್ಟು ೨೦೦೨ರ ಡಿಸೆಂಬರಿನಲ್ಲಿಯೇ ತೀರ್ಮಾನಿಸಿದೆ. ಘಟ್ಟದಲ್ಲಿ ಗಾಡಿ ಮಗುಚಿದರೆ ಪರಿಹಾರದ ಹಣ ಗಾಡಿಯ ಒಡೆಯನ ಮನೆ ಮಾರಿಸುತ್ತದೆ; ಸತ್ತವನ ಮನೆಯವರಿಗೂ ಏನೂ ದಕ್ಕದೆ ಹೋಗಬಹುದು. ಎರಡು ಬಡ ಮನೆಗಳು ಒಟ್ಟಿಗೆ ಮುಳುಗುತ್ತವೆ.

ರಿಪೇರಿಯ ಕ್ರಮ

ಗಾಡಿ ಕೈಗೆ ಬಂದ ಮೇಲೆ ನಮ್ಮವರು ಮೊದಲು ಮಾಡುವುದು ಪೇಂಟು. ಬಾಗಿಲ ಮೇಲೆ ದೇವರ ಹೆಸರು, ಹಿಂದೆ ಒಂದು ಗಾದೆ. ಅದು ಕೊನೆಯ ಕೆಲಸ. ಮೊದಲನೆಯದು ಬ್ರೇಕು.

ಹಳೆಯ ಜೀಪುಗಳಲ್ಲಿ ನಾಲ್ಕು ಚಕ್ರದ ಬ್ರೇಕಿಗೂ ಎಣ್ಣೆ ಒಂದೇ ಮಾಸ್ಟರ್ ಸಿಲಿಂಡರಿನಿಂದ ಒಂದೇ ದಾರಿಯಲ್ಲಿ ಹೋಗುತ್ತದೆ. ಕಡ್ಡಿಯಷ್ಟು ದಪ್ಪದ ಆ ಕಬ್ಬಿಣದ ಪೈಪು ತುಕ್ಕಿನಿಂದ ಎಲ್ಲಿಯಾದರೂ ಒಡೆದರೆ ನಾಲ್ಕೂ ಚಕ್ರದ ಬ್ರೇಕು ಒಮ್ಮೆಗೇ ಹೋಗುತ್ತದೆ. ಆದುದರಿಂದ ಪೈಪುಗಳನ್ನೂ ರಬ್ಬರ್ ಹೋಸುಗಳನ್ನೂ ನೋಡಲು ಹೋಗದೆ ಎಲ್ಲವನ್ನೂ ಹೊಸದು ಹಾಕಿಸಿ. ಎರಡನೆಯದು ಸ್ಟೀರಿಂಗು: ಕಿಂಗ್‌ಪಿನ್ನು, ಬಾಲ್ ಜಾಯಿಂಟು, ಬೇರಿಂಗು. ಮೂರನೆಯದು ಚಾಸಿಸ್ಸು ಮತ್ತು ಕಮಾನು ಪಟ್ಟಿ. ನಾಲ್ಕನೆಯದು ರೇಡಿಯೇಟರು. ಐದನೆಯದು ಎಂಜಿನ್, ಗೇರು. ಬಾಡಿ ಆಮೇಲೆ. ನಿಲ್ಲಲಾರದ ಗಾಡಿಗೆ ಓಡುವ ಶಕ್ತಿ ಕೊಟ್ಟು ಪ್ರಯೋಜನವೇನು?

ತುಕ್ಕಿಗೆ ಮದ್ದು ಹೀಗಿದೆ. ಮೊದಲು ನೀರು ಹೊಡೆದು ಕೆಸರನ್ನೆಲ್ಲ ತೊಳೆದು ಒಣಗಿಸಬೇಕು. ಕೊಳೆತ ಭಾಗವನ್ನು ಗಟ್ಟಿ ಕಬ್ಬಿಣ ಸಿಕ್ಕುವತನಕ ಕತ್ತರಿಸಿ ತೆಗೆಯಬೇಕು. ತುಕ್ಕಿನ ಮೇಲೆಯೇ ತಗಡು ಬೆಸೆದರೆ ಎರಡು ಮಳೆಗಾಲದಲ್ಲಿ ಅದೂ ಉದುರುತ್ತದೆ. ಚಾಸಿಸ್ಸಿಗೆ ಹಾಕುವ ಪ್ಲೇಟು ಮೂಲದ ಕಬ್ಬಿಣದಷ್ಟೇ ದಪ್ಪ ಇರತಕ್ಕದ್ದು. ಉಳಿದ ಕಡೆ ತಂತಿ ಬ್ರಷ್ಷಿನಿಂದ ಉಜ್ಜಿ, ಅಂದೇ ರೆಡ್ ಆಕ್ಸೈಡ್ ಹಚ್ಚಬೇಕು. ರಾತ್ರಿ ಬಿಟ್ಟರೆ ನಮ್ಮ ಹವೆಯಲ್ಲಿ ಬೆಳಗಾಗುವುದರೊಳಗೆ ಮತ್ತೆ ಕೆಂಪು. ಪುಟ್ಟಿ ತುಂಬಿ ತೂತು ಮುಚ್ಚುವುದು ರಿಪೇರಿಯಲ್ಲ, ಮೋಸ. ಮುಚ್ಚಿದ ನೀರಿಳಿಯುವ ತೂತುಗಳನ್ನು ತೆರೆಯಬೇಕು. ಬಿಗಿದುಕೊಂಡ ಬೋಲ್ಟಿಗೆ ಡೀಸೆಲ್ ಬಿಟ್ಟು ರಾತ್ರಿಯೆಲ್ಲ ನೆನೆಯಲು ಬಿಡಿ. ಮರುದಿನ ಮೆಲ್ಲಗೆ ತಟ್ಟಿ, ಮೊದಲು ಒಂದಿಷ್ಟು ಬಿಗಿಸಿ, ಆಮೇಲೆ ಸಡಿಲಿಸಿ. ಬಲ ಹಾಕಿ ತಲೆ ಮುರಿದರೆ ಅರ್ಧ ದಿನದ ಕೂಲಿ ಹೋಯಿತು.

ವೆಲ್ಡಿಂಗಿಗೆ ಮುಂಚೆ ಬ್ಯಾಟರಿಯ ತಂತಿ ಬಿಚ್ಚಬೇಕು, ಎಣ್ಣೆ ಟ್ಯಾಂಕನ್ನು ಇಳಿಸಿ ದೂರ ಇಡಬೇಕು. ಟ್ಯಾಂಕು ಖಾಲಿಯಿದೆ, ಏನಾಗುತ್ತದೆ ಎನ್ನುವವರಿದ್ದಾರೆ. ತುಂಬಿದ ಟ್ಯಾಂಕಿಗಿಂತ ಬರಿದಾದ ಪೆಟ್ರೋಲ್ ಟ್ಯಾಂಕೇ ಅಪಾಯ, ಒಳಗೆ ಉಳಿದ ಆವಿ ಕಿಡಿ ತಾಗಿದೊಡನೆ ಸಿಡಿಯುತ್ತದೆ. ಗ್ಯಾರೇಜಿನಲ್ಲಿ ಕಿಡಿ ಹಿಡಿಯುವವನು ಮಾಲೀಕನಲ್ಲ, ನಮ್ಮಂಥವರ ಮನೆಯ ಹುಡುಗ. ಅವನ ಕಣ್ಣಿಗೆ ಕನ್ನಡಕ ಇದೆಯೇ ಎಂದು ನೋಡುವುದೂ ಗಾಡಿ ಕೊಟ್ಟ ನಮ್ಮ ಹೊಣೆ.

ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯೂ ಶಿವಾಜಿನಗರದ ಗುಜರಿಯೂ ಇವೆ. ಗುಜರಿಯಲ್ಲಿ ಗೇರುಪೆಟ್ಟಿಗೆಯನ್ನೋ ಆಕ್ಸಲ್ಲನ್ನೋ ಕೊಳ್ಳಬಹುದು. ಬ್ರೇಕಿನ ಸಾಮಾನು, ಸ್ಟೀರಿಂಗಿನ ಸಾಮಾನುಗಳನ್ನು ಹಳೆಯದು ಕೊಳ್ಳಕೂಡದು.

ಓಡಿಸುವವನಿಗೆ ಎರಡು ಮಾತು. ಈ ಹಳೆಯ ಗಾಡಿಗಳಲ್ಲಿ ಫೋರ್ ವೀಲನ್ನು ಒಣಗಿದ ಟಾರು ರಸ್ತೆಯಲ್ಲಿ ಹಾಕಕೂಡದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸುತ್ತುತ್ತವೆ. ಕೆಸರಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ. ಟಾರಿನಲ್ಲಿ ಜಾರಲಾರದೆ ಶಾಫ್ಟು, ಗೇರುಗಳ ಮೇಲೆ ತಿರುಚು ಬೀಳುತ್ತದೆ. ಇನ್ನೊಂದು, ಫೋರ್ ವೀಲ್ ಹತ್ತಿಸುತ್ತದೆ, ನಿಲ್ಲಿಸುವುದಿಲ್ಲ. ಇಳಿಜಾರಿನಲ್ಲಿ ಕಡಿಮೆ ಗೇರಿನಲ್ಲಿ ಎಂಜಿನ್ನಿನ ಹಿಡಿತದಲ್ಲೇ ಇಳಿಸಬೇಕು. ಹಳ್ಳ ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತುತ್ತ ಸ್ವಲ್ಪ ದೂರ ಹೋಗಿ ಡ್ರಮ್ಮು ಒಣಗಿಸಬೇಕು.

ಹಣದ ಲೆಕ್ಕ, ಹೆಸರಿನ ಲೆಕ್ಕ

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಕೂಡಿದ ಹಣದ ಅರ್ಧಕ್ಕಿಂತ ಹೆಚ್ಚನ್ನು ಗಾಡಿಗೆ ಕೊಡಬೇಡಿ. ಉದಾಹರಣೆಗೆ ಹತ್ತು ಜನ ತಲಾ ೩೦,೦೦೦ ರೂಪಾಯಿ ಹಾಕಿದರೆ ೩ ಲಕ್ಷ. ಅದರಲ್ಲಿ ೧,೫೦,೦೦೦ ಗಾಡಿಗೆ, ೧,೦೦,೦೦೦ ರಿಪೇರಿಗೆ, ೩೦,೦೦೦ ಕಾಗದ ಮತ್ತು ವಿಮೆಗೆ, ಉಳಿದ ೨೦,೦೦೦ ಮುಟ್ಟಬಾರದ ಗಂಟು. ೨,೭೦,೦೦೦ಕ್ಕೆ ಕೊಂಡು ತಂದರೆ ಗಾಡಿ ಮೊದಲ ಮಳೆಗೆ ಗ್ಯಾರೇಜಿನ ಮುಂದೆ ನಿಲ್ಲುತ್ತದೆ. ಬಡ್ಡಿಯವನು ಮನೆಯ ಮುಂದೆ ನಿಲ್ಲುತ್ತಾನೆ. ಆತುರಗಾರನಿಗೆ ಬುದ್ಧಿ ಮಟ್ಟ.

ಗಾಡಿ ಯಾರ ಹೆಸರಿನಲ್ಲಿ? ನಮ್ಮವರು ಸಾಮಾನ್ಯವಾಗಿ, ಯಾವನಾದರೊಬ್ಬನ ಹೆಸರಿನಲ್ಲಿ ಇರಲಿ ಬಿಡಿ ಎನ್ನುತ್ತಾರೆ. ಇದು ಆ ಒಬ್ಬನಿಗೂ ಅನ್ಯಾಯ, ಉಳಿದ ಒಂಬತ್ತು ಮಂದಿಗೂ ಅಪಾಯ. ಅಪಘಾತವಾದರೆ ಕಾನೂನು ಹಿಡಿಯುವುದು ಆರ್.ಸಿ.ಯಲ್ಲಿ ಹೆಸರಿದ್ದವನನ್ನು, ೨೦೧೮ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಹೇಳಿದೆ. ಗಾಡಿಯನ್ನು ಮಾರಿದ್ದರೂ ವರ್ಗಾವಣೆ ಆಗದಿದ್ದರೆ ಹೊಣೆ ತಪ್ಪದು. ಅತ್ತ, ಆ ಒಬ್ಬನು ನಾಳೆ ತೀರಿಕೊಂಡರೆ, ಇಲ್ಲವೆ ಸಾಲಕ್ಕೆ ಸಿಕ್ಕಿದರೆ, ಒಂಬತ್ತು ಮಂದಿಯ ಹಣಕ್ಕೆ ಏನು ಆಧಾರ? ಆದುದರಿಂದ ಪಾಲುದಾರಿಕೆಯ ಪತ್ರ ಬರೆಸಿ ನೋಂದಾಯಿಸಿ, ಇಲ್ಲವೆ ಸಹಕಾರ ಸಂಘ ಮಾಡಿ, ಅದರ ಹೆಸರಿನಲ್ಲಿ ಗಾಡಿ ಕೊಳ್ಳಿ. ಗದಗಿನ ಹತ್ತಿರದ ಕಣಗಿನಹಾಳದ ರೈತರು ೧೯೦೫ರಷ್ಟು ಹಿಂದೆಯೇ ಸಹಕಾರ ಸಂಘ ಕಟ್ಟಿದರು. ಅವರಿಗಿಂತ ನಾವು ಹೆಚ್ಚು ಓದಿದವರಲ್ಲವೆ?

ಒಂದು ಲೆಕ್ಕದ ಪುಸ್ತಕ ಇರಲಿ. ಎಷ್ಟು ಮೈಲಿ ಓಡಿತು, ಎಷ್ಟು ಎಣ್ಣೆ ಕುಡಿಯಿತು, ಯಾರ ಸರಕು, ಎಷ್ಟು ಬಾಡಿಗೆ, ಯಾವಾಗ ಗ್ರೀಸು ಎಂಬುದನ್ನು ಅಂದಂದೇ ಬರೆಯಬೇಕು. ತಿಂಗಳಿಗೊಮ್ಮೆ ಎಲ್ಲರ ಮುಂದೆ ಓದಬೇಕು. ಪಾಲುದಾರನ ಸರಕಿಗೂ ಬಾಡಿಗೆ ಹಿಡಿಯಬೇಕು, ಕಡಿಮೆಯಾದರೂ ಹಿಡಿಯಬೇಕು. ಬಿಟ್ಟಿ ಸವಾರಿಯಿಂದ ಹಾಳಾದ ಕೂಟಗಳು ತುಕ್ಕಿನಿಂದ ಹಾಳಾದ ಗಾಡಿಗಳಿಗಿಂತ ಹೆಚ್ಚು. ಚಾಲಕನಿಗೆ ತಿಂಗಳ ಸಂಬಳ ಗೊತ್ತುಮಾಡಿ. ಟ್ರಿಪ್ಪಿನ ಲೆಕ್ಕಕ್ಕೆ ಬಿಟ್ಟರೆ ಅವನು ನಿದ್ದೆಗೆಟ್ಟು ಓಡಿಸುತ್ತಾನೆ. ಮಿಲ್ಲಿನಲ್ಲಿ ಕೆಲಸದ ಅವಧಿಗೆ ಮಿತಿ ಬೇಕೆಂದು ಕೇಳುವ ನಾವು ನಮ್ಮ ಗಾಡಿಯವನಿಗೆ ಆ ಮಿತಿಯನ್ನು ಕೊಡದಿದ್ದರೆ ಹೇಗೆ?

ಮಿತ್ರರೆ, ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂದು ಹಿರಿಯರು ಹೇಳಿದ್ದಾರೆ. ನಾಳೆಯೇ ಮುಂಗಡ ಕೊಡಬೇಕೆಂದು ಯಾರೂ ನಿಮ್ಮನ್ನು ಅವಸರಪಡಿಸದಿರಲಿ. ಈಗ ಮೂವರನ್ನು ಆರಿಸಿ: ಮಿಲ್ಲಿನ ಒಬ್ಬ ಫಿಟ್ಟರು, ಲೆಕ್ಕ ಬಲ್ಲ ಒಬ್ಬ ಅಂಗಡಿಕಾರ, ಘಟ್ಟದಲ್ಲಿ ಗಾಡಿ ಓಡಿಸಿ ಬಲ್ಲ ಒಬ್ಬ ಚಾಲಕ. ಅವರು ಕನಿಷ್ಠ ಐದು ಗಾಡಿ ನೋಡಲಿ. ಮೂವರೂ ಒಪ್ಪಿದ್ದನ್ನು ಮಾತ್ರ ಕೊಳ್ಳಿ. ಒಬ್ಬ ಬೇಡವೆಂದರೆ ಬಿಡಿ. ಮಳೆಗಾಲದ ಮುಂಚೆ ಗಾಡಿ ಸಿಕ್ಕದಿದ್ದರೆ ಇನ್ನೊಂದು ವರ್ಷ ಬಾಡಿಗೆ ಕೊಟ್ಟೇವು. ಹಣ ನಮ್ಮ ಗಂಟಿನಲ್ಲಿ ಇದ್ದೇ ಇರುತ್ತದೆ.

 ಈಗ ಮೂವರ ಹೆಸರುಗಳನ್ನು ಸೂಚಿಸಬೇಕೆಂದು ಅಧ್ಯಕ್ಷರ ಮೂಲಕ ಕೋರುತ್ತೇನೆ.